ಕಣಕಾಲಿಗೆ ರಿವಾಲ್ವರ್ ಕಟ್ಟಿಕೊಳ್ಳಬಹುದಾ?

ಪ್ರಶ್ನೆ: ನನಗೆ 52 ವರ್ಷ. ಮಲ್ಪೆಯಲ್ಲಿ ಮೀನಿನ ಸಗಟು ವ್ಯಾಪಾರ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡುತ್ತೇನೆ. ಆಗಾಗ ಮಂಗಳೂರಿನ ಮೀನುಗಾರಿಕಾ ಧಕ್ಕೆಗೂ (ಬಂದರಿಗೂ) ಹೋಗಿಬರುವುದುಂಟು. ಕೈಯಲ್ಲಿ ನಗದು ಇರುತ್ತದೆ. ಹಣಕ್ಕಾಗಿ ಬೆದರಿಕೆ ಬಂದ ಮೇಲೆ ಪೊಲೀಸರಿಗೆ ದೂರು ಕೊಟ್ಟು, ಲೈಸೆನ್ಸ್ ಮಾಡಿಸಿ, .32 ರಿವಾಲ್ವರ್ ತೆಗೆದುಕೊಂಡೆ. ಈಗ ಅದನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ತಲೆನೋವು. ಸೊಂಟದಲ್ಲಿಟ್ಟರೆ ಹೊಟ್ಟೆಗೆ ಒತ್ತುತ್ತದೆ, ಕಾರಿನಲ್ಲಿ ಕೂತರೆ ಇನ್ನೂ ಕಷ್ಟ. ಸೆಕೆಗೆ ಅಂಗಿ ಮೈಗೆ ಅಂಟಿ ಅದರ ಆಕಾರ ಹೊರಗೆ ಕಾಣುತ್ತದೆ. ದುಬೈಯಲ್ಲಿರುವ ಭಾವ ಕಣಕಾಲಿಗೆ ಕಟ್ಟುವ ಹೋಲ್‌ಸ್ಟರ್ ಒಂದನ್ನು ತಂದುಕೊಟ್ಟಿದ್ದಾರೆ. ಪ್ಯಾಂಟಿನ ಒಳಗೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಇದು ಒಳ್ಳೆಯದಾ? ಹೀಗೆ ಅಡಗಿಸಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾ? ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದಾ? ಯಾವುದೂ ಆಗದಿದ್ದರೆ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಬಿಡಲೇ? (ಹೆಸರು ಬೇಡ ಎಂದಿದ್ದಾರೆ, ಉಡುಪಿ ಜಿಲ್ಲೆ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಸೇರಿಕೊಂಡಿವೆ. ಮೈಗೆ ಹಿತವಾಗಬೇಕು. ಯಾರಿಗೂ ಕಾಣಬಾರದು. ಯಾರಾದರೂ ಮೇಲೆ ಬಿದ್ದರೆ ಕೈಗೆ ಸಿಗಬೇಕು. ಕಣಕಾಲಿನ ಹೋಲ್‌ಸ್ಟರ್ ಮೊದಲನೆಯದನ್ನು ಹೆಚ್ಚುಕಡಿಮೆ ಬಗೆಹರಿಸುತ್ತದೆ. ಎರಡನೆಯದನ್ನು ಅರ್ಧ ಬಗೆಹರಿಸುತ್ತದೆ. ಮೂರನೆಯದರಲ್ಲಿ ಕೈ ಕೊಡುತ್ತದೆ. ನೀವು ಲೈಸೆನ್ಸ್ ಮಾಡಿಸಿದ್ದೇ ಮೂರನೆಯದಕ್ಕೆ, ಅಲ್ವಾ? ಹಾಗಾಗಿ, ಇರುವ ಒಂದೇ ಆಯುಧವನ್ನು ಕಾಲಿಗೆ ಕಟ್ಟಬೇಡಿ. ಆದರೆ ನಿಮ್ಮ ಭಾವ ಹೇಳುವುದರಲ್ಲೂ ಸ್ವಲ್ಪ ನಿಜ ಉಂಟು. ಅದನ್ನೂ ಹೇಳುತ್ತೇನೆ.

ಪೊಲೀಸ್ ಶಸ್ತ್ರಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಲೈಸೆನ್ಸ್ ಹೊಸದಾಗಿ ಸಿಕ್ಕವರು ಈ ಪ್ರಶ್ನೆಯನ್ನು ತುಂಬಾ ಕೇಳುತ್ತಾರೆ. ಹೆಚ್ಚಿನವರಿಗೆ ಇದು ಸಿನಿಮಾದಿಂದ ಬಂದ ಆಲೋಚನೆ. ಹೀರೋ ಮಂಡಿಯೂರುತ್ತಾನೆ, ಪ್ಯಾಂಟ್ ಎತ್ತುತ್ತಾನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಪಿಸ್ತೂಲು ಕೈಯಲ್ಲಿ. ಸಿನಿಮಾದವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಈ ಪದ್ಧತಿ ಬೆಳೆದದ್ದು ಮುಖ್ಯವಾಗಿ ಅಮೆರಿಕದ ಪೊಲೀಸರಲ್ಲಿ. ಅವರ ಸೊಂಟದಲ್ಲಿ ದೊಡ್ಡ ಪಿಸ್ತೂಲು ಇದ್ದೇ ಇರುತ್ತದೆ. ಅದು ಸಿಕ್ಕಿಹಾಕಿಕೊಂಡರೆ, ಗುಂಡು ಮುಗಿದರೆ, ಎದುರಿನವನು ಅದನ್ನೇ ಕಿತ್ತುಕೊಂಡರೆ ಇರಲಿ ಎಂದು ಕಾಲಿನಲ್ಲಿ ಎರಡನೆಯದು. ಅಂದರೆ ಅದು ಕೊನೆಯ ಗತಿಯ ಆಯುಧ. ನಿಮ್ಮ ಹತ್ತಿರ ಇರುವುದು ಒಂದೇ. ಎರಡನೆಯದಕ್ಕೆ ಮಾಡಿದ ಜಾಗದಲ್ಲಿ ಅದನ್ನು ಇಟ್ಟರೆ, ಮೊದಲನೆಯ ಜಾಗ ಖಾಲಿಯಾದ ಹಾಗೆ.

ಆಯುಧದ ತೂಕವನ್ನೂ ನೋಡಬೇಕು. ಅಲ್ಲಿ ಕಾಲಿಗೆ ಕಟ್ಟುವ ಪಿಸ್ತೂಲುಗಳಲ್ಲಿ ಕೆಲವು 300 ಗ್ರಾಂ ಕೂಡ ಇಲ್ಲ. ಹಗುರ ಲೋಹದ ಐದು ಗುಂಡಿನ ಸಣ್ಣ ರಿವಾಲ್ವರ್ ಆದರೆ 425 ಗ್ರಾಂ ಆಸುಪಾಸು. ನಮ್ಮಲ್ಲಿ ಸಾಮಾನ್ಯ ಜನರಿಗೆ ವಿದೇಶಿ ಕೈಬಂದೂಕಿನ ಆಮದು 1980ರ ದಶಕದಲ್ಲೇ ನಿಂತಿದೆ. 9 ಎಂಎಂ, .38 ಇವೆಲ್ಲ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನರಿಗೆ ಕೊಡದ ನಳಿಗೆ ಅಳತೆ. ಹಾಗಾಗಿ ಹೆಚ್ಚಿನವರ ಕೈಗೆ ಬರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಆರು ಗುಂಡು, ಸುಮಾರು ಮೂರು ಇಂಚಿನ ನಳಿಗೆ, ಖಾಲಿ ಇದ್ದಾಗಲೇ 700 ಗ್ರಾಂ ಹತ್ತಿರ. 2014ರಲ್ಲಿ ಬಂದ ‘ನಿರ್ಭೀಕ್’ ಹಗುರ, ಸುಮಾರು 500 ಗ್ರಾಂ. ಆದರೆ ಉದ್ದ ಅದರದ್ದೂ ಏಳು ಇಂಚು. ಎರಡರಲ್ಲೂ ಹ್ಯಾಮರ್, ಅಂದರೆ ಗುಂಡಿಗೆ ಪೆಟ್ಟು ಕೊಡುವ ಸುತ್ತಿಗೆಯಂಥ ಭಾಗ, ಹೊರಗೆ ಚಾಚಿಕೊಂಡಿರುತ್ತದೆ. ಪ್ಯಾಂಟಿನ ಬಟ್ಟೆ ಮೊದಲು ಸಿಕ್ಕಿಕೊಳ್ಳುವುದೇ ಆ ಹ್ಯಾಮರಿಗೆ. ನಿಮ್ಮ ಭಾವ ತಂದ ಹೋಲ್‌ಸ್ಟರ್ ಯಾವ ಮಾದರಿಗೆ ಹೊಲಿದದ್ದು ಎಂದು ನೀವು ಬರೆದಿಲ್ಲ. ಹೊರಗಿನಿಂದ ಬರುವ ಹೋಲ್‌ಸ್ಟರ್‌ಗಳು ಅಲ್ಲಿನ ಸಣ್ಣ ಪಿಸ್ತೂಲುಗಳ ಅಳತೆಯವು. ನಮ್ಮ ರಿವಾಲ್ವರ್ ಅದರೊಳಗೆ ಹೋಗಬಹುದು, ಆದರೆ ಗಟ್ಟಿಯಾಗಿ ಕೂರುವುದಿಲ್ಲ. ಟ್ರಿಗರ್ ಪೂರ್ತಿ ಮುಚ್ಚದೆ ಇದ್ದರೆ ಅದು ಹೋಲ್‌ಸ್ಟರ್ ಅಲ್ಲ, ಬರೀ ಚೀಲ. ಅಂಥದ್ದನ್ನು ಯಾವ ಜಾಗಕ್ಕೂ ಕಟ್ಟಬಾರದು.

ಈಗ ಸಮಯದ ಲೆಕ್ಕ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದ ಸಾಧಾರಣ ಆರೋಗ್ಯದ ಮನುಷ್ಯ 21 ಅಡಿ ಓಡಿ ಬರಲು ತೆಗೆದುಕೊಳ್ಳುವುದು ಸುಮಾರು ಒಂದೂವರೆ ಸೆಕೆಂಡು ಎಂಬುದು ಅದರ ಸಾರ. ಸೊಂಟದಲ್ಲಿರುವ ಪಿಸ್ತೂಲು ತೆಗೆಯಲು ಪಳಗಿದ ಪೊಲೀಸನಿಗೂ ಅಷ್ಟೇ ಹೊತ್ತು ಬೇಕು. 21 ಅಡಿ ಎಂದರೆ ಒಂದೂವರೆ ಕಾರಿನ ಉದ್ದ. ನಿಮ್ಮನ್ನು ದೋಚಲು ಬರುವವನು ಅಷ್ಟು ದೂರದಿಂದ ಕೂಗಿ ಹೇಳಿ ಬರುವುದಿಲ್ಲ. ಕಾರಿನ ಬಾಗಿಲು ತೆರೆಯುವಾಗ, ಶಟರ್ ಎತ್ತುವಾಗ, ಕೈಗೆಟಕುವ ದೂರದಲ್ಲಿ ಇರುತ್ತಾನೆ.

ಕಾಲಿನಿಂದ ತೆಗೆಯುವುದು ಹೇಗೆ ಎಂದು ಒಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿ. ನಿಂತಲ್ಲೇ ನಿಲ್ಲಬೇಕು. ಓಡುತ್ತಾ, ಹಿಂದೆ ಸರಿಯುತ್ತಾ ತೆಗೆಯಲು ಆಗುವುದೇ ಇಲ್ಲ. ಒಂದು ಕೈಯಲ್ಲಿ ಪ್ಯಾಂಟನ್ನು ಮಂಡಿಯ ತನಕ ಎಳೆಯಬೇಕು. ಮಂಡಿಯೂರಬೇಕು, ಇಲ್ಲವೇ ಒಂದೇ ಕಾಲಲ್ಲಿ ನಿಂತು ಇನ್ನೊಂದನ್ನು ಎತ್ತಬೇಕು. ಪಟ್ಟಿ ಬಿಡಿಸಬೇಕು. ಅಷ್ಟು ಹೊತ್ತೂ ತಲೆ ಬಗ್ಗಿರುತ್ತದೆ, ಕಣ್ಣು ಎದುರಿನವನ ಮೇಲೆ ಇರುವುದಿಲ್ಲ, ಎರಡೂ ಕೈ ಕೆಳಗೆ. ಅವನು ಒಂದು ತಳ್ಳು ತಳ್ಳಿದರೆ ನೀವು ನೆಲಕ್ಕೆ. ಐವತ್ತು ದಾಟಿದ ಮಂಡಿ, ಸ್ವಲ್ಪ ಹೊಟ್ಟೆ, ಬೆವರಿದ ಕೈ, ಹೆದರಿಕೆ ಇಷ್ಟೂ ಸೇರಿದರೆ ಮೂರು ನಾಲ್ಕು ಸೆಕೆಂಡು ಸುಲಭವಾಗಿ ಹೋಗುತ್ತದೆ. ನನ್ನ ಮಾತು ನಂಬಬೇಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ರಿವಾಲ್ವರ್ ಖಾಲಿ ಎಂದು ಎರಡು ಸಲ ನೋಡಿ, ಮನೆಯವರಲ್ಲಿ ಒಬ್ಬರಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲು ಹೇಳಿ. ಬರಿಗೋಡೆಯ ಕಡೆ ಮುಖ ಮಾಡಿ, ನೀವು ದಿನಾ ಹಾಕುವ ಪ್ಯಾಂಟಿನಲ್ಲೇ ತೆಗೆದು ನೋಡಿ. ಮೊದಲ ಸಲ ಎಷ್ಟಾಗುತ್ತದೋ ಅದೇ ನಿಜವಾದ ಲೆಕ್ಕ. ಹತ್ತನೇ ಸಲದ್ದು ಅಲ್ಲ.

ಹಾಗಾದರೆ ಇದರಲ್ಲಿ ಒಳ್ಳೆಯದು ಏನೂ ಇಲ್ಲವಾ? ಉಂಟು. ಕೂತವರಿಗೆ ಇದು ಸೊಂಟಕ್ಕಿಂತ ಚೆನ್ನಾಗಿ ಸಿಗುತ್ತದೆ. ಕುರ್ಚಿಯಲ್ಲಿ ಕೂತು ಎಡಗಾಲನ್ನು ಬಲಮಂಡಿಯ ಮೇಲೆ ಹಾಕಿದರೆ ಹಿಡಿ ತಾನಾಗಿಯೇ ಕೈಗೆ ಬರುತ್ತದೆ. ಸೀಟ್ ಬೆಲ್ಟ್ ಹಾಕಿದಾಗ ಸೊಂಟದ ಆಯುಧ ಬೆಲ್ಟಿನ ಅಡಿಯಲ್ಲಿ ಸಿಕ್ಕಿಬೀಳುತ್ತದೆ, ಕಾಲಿನದ್ದು ಸಿಕ್ಕಿಬೀಳುವುದಿಲ್ಲ. ಅಂಗಾತ ಬಿದ್ದಾಗಲೂ ಮಂಡಿಯನ್ನು ಎದೆಗೆ ಎಳೆದುಕೊಂಡರೆ ಕೈಗೆ ಎಟಕುತ್ತದೆ. ಬೆನ್ನುನೋವು ಇರುವವರಿಗೆ, ಹೊಟ್ಟೆ ಇರುವವರಿಗೆ ಹಿತ. ಮದುವೆಮನೆಯಲ್ಲಿ ಯಾರೋ ಬಂದು ತಬ್ಬಿಕೊಂಡರೂ ಗೊತ್ತಾಗುವುದಿಲ್ಲ. ದಿನವಿಡೀ ಕಾರಿನಲ್ಲೋ ಮೇಜಿನ ಹಿಂದೆಯೋ ಕೂತಿರುವ, ಶೂ ಹಾಕುವ ಮನುಷ್ಯನಿಗೆ ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಕಾರಿನ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು. ವಿದೇಶದವರು ಬರೆದದ್ದರಲ್ಲಿ ಇದು ನಿಮಗೆ ಸಿಗುವುದಿಲ್ಲ. ಬಲಗೈಯವರು ಕಟ್ಟಬೇಕಾದದ್ದು ಎಡಗಾಲಿನ ಒಳಬದಿಗೆ. ಹೊರಬದಿಗೆ ಕಟ್ಟಿದರೆ ಬಾಗಿಲು, ಮೇಜು, ಮೆಟ್ಟಿಲು ಎಲ್ಲದಕ್ಕೂ ತಾಗಿ ಟಣ್ ಎನ್ನುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಕಾರುಗಳು ಆಟೊಮ್ಯಾಟಿಕ್, ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮಲ್ಲಿ ಎಡಗಾಲು ಎಂದರೆ ಕ್ಲಚ್. ಮಂಗಳೂರಿನ ಪಂಪ್‌ವೆಲ್ ಹತ್ತಿರವೋ ನಂತೂರಿನಲ್ಲೋ ಬೆಳಗ್ಗೆ ವಾಹನದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡರೆ ಆ ಕಾಲು ಒಂದೇ ಸಮನೆ ಏಳುತ್ತಾ ಇಳಿಯುತ್ತಾ ಇರುತ್ತದೆ. 700 ಗ್ರಾಂ ಕಬ್ಬಿಣ ಕಟ್ಟಿಕೊಂಡು ಅದೇ ಕೆಲಸ ಮಾಡಿ ನೋಡಿ. ಸ್ನಾಯು ನೋವು ಒಂದು ಕಡೆ. ಪಟ್ಟಿ ಸಡಿಲವಾಗಿ ಹೋಲ್‌ಸ್ಟರ್ ತಿರುಗಿ ಪೆಡಲಿನ ಅಡಿಗೆ ಬಂದರೆ ಕಳ್ಳನಿಗಿಂತ ಮೊದಲು ಎದುರಿನ ಲಾರಿ ಬರುತ್ತದೆ. ನಿಮ್ಮ ಕಾರು ಮ್ಯಾನುವಲ್ ಆಗಿದ್ದರೆ, ಈ ಒಂದು ಕಾರಣಕ್ಕೇ ನಾನು ಬೇಡ ಎನ್ನುತ್ತೇನೆ. ಸ್ಕೂಟರ್, ಬೈಕ್ ಆದರೆ ಮಾತೇ ಇಲ್ಲ. ಬೈಕಿನಲ್ಲಿ ಎಡಗಾಲಿಗೆ ಗೇರ್. ಗಾಳಿಗೆ ಪ್ಯಾಂಟ್ ಮೇಲೆ ಹೋಗುತ್ತದೆ, ಹಿಂದಿನವರಿಗೆ ಎಲ್ಲ ಕಾಣುತ್ತದೆ.

‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬುದು ಅರ್ಧ ಸತ್ಯ ಎಂದೆನಲ್ಲ, ಅದು ನಮ್ಮ ಊರಿನ ಕಾರಣಕ್ಕೆ. ನಿಂತಾಗ ಕಾಣುವುದಿಲ್ಲ, ಸರಿ. ಕೂತು ಕಾಲಮೇಲೆ ಕಾಲು ಹಾಕಿದರೆ ಪ್ಯಾಂಟ್ ನಾಲ್ಕು ಇಂಚು ಮೇಲೆ ಹೋಗುತ್ತದೆ. ಈಗಿನ ಕಿರಿದಾದ ಪ್ಯಾಂಟುಗಳಲ್ಲಿ ನಿಂತಾಗಲೂ ಉಬ್ಬು ಕಾಣುತ್ತದೆ. ಇನ್ನು ನಮ್ಮ ಉಡುಗೆ ನೋಡಿ. ಮನೆಯಲ್ಲಿ, ಪೂಜೆಯಲ್ಲಿ, ಭೂತಕೋಲದಲ್ಲಿ ಪಂಚೆ. ಪಂಚೆಯನ್ನು ಮಡಚಿ ಕಟ್ಟುವ ಊರಿನಲ್ಲಿ ಕಣಕಾಲು ಅಡಗಿಸುವ ಜಾಗವೇ ಅಲ್ಲ. ಉಡುಪಿ ಕೃಷ್ಣಮಠಕ್ಕೆ ಹೋದರೂ ಕದ್ರಿ ದೇವಸ್ಥಾನಕ್ಕೆ ಹೋದರೂ ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಯಾರ ಮನೆಗೆ ಹೋದರೂ ಶೂ ಜಗಲಿಯಲ್ಲಿ. ಬಗ್ಗಿ ಲೇಸ್ ಬಿಚ್ಚುವಾಗ ಪಕ್ಕದಲ್ಲಿರುವ ಮಗು ಮೊದಲು ನೋಡುತ್ತದೆ. ಪಂಕ್ತಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವುದಂತೂ ಸಾಧ್ಯವೇ ಇಲ್ಲ. ಇಂಥ ಕಡೆ ನೀವು ಮಾಡುವುದು ಏನು? ಹೊರಗೆ ಬಿಚ್ಚಿ ಕಾರಿನಲ್ಲಿ ಇಡುತ್ತೀರಿ. ದಿನಕ್ಕೆ ನಾಲ್ಕು ಸಲ ಕಟ್ಟಿ ಬಿಚ್ಚುವ ಆಯುಧದಿಂದಲೇ ಆಕಸ್ಮಿಕ ಗುಂಡು ಹಾರುವುದು ಜಾಸ್ತಿ. ಹೋಲ್‌ಸ್ಟರಿನಲ್ಲಿ ಸುಮ್ಮನೆ ಕೂತ ಆಯುಧ ಯಾರಿಗೂ ಏನೂ ಮಾಡುವುದಿಲ್ಲ. ಕೈ ಹಾಕಿದಾಗಲೇ ತೊಂದರೆ.

ತುಕ್ಕಿನ ಬಗ್ಗೆ ಕೇಳಿದ್ದೀರಿ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೀನುಗಾರಿಕಾ ಬಂದರಿನಲ್ಲಿ ನೆಲ ಒಣಗಿರುವ ದಿನವೇ ಇಲ್ಲ. ಮಂಜುಗಡ್ಡೆ ಕರಗಿದ ನೀರು, ಸಮುದ್ರದ ನೀರು, ಮೀನಿನ ರಕ್ತ, ಎಲ್ಲ ಸೇರಿ ಪಾದದ ಮಟ್ಟದಲ್ಲೇ ಹರಿಯುತ್ತವೆ. ನೀರು ಚಿಮ್ಮುವುದು ಸೊಂಟಕ್ಕಲ್ಲ, ಕಣಕಾಲಿಗೆ. ಗಂಬೂಟ್ ಹಾಕಿದರೆ ರಿವಾಲ್ವರ್ ಬೂಟಿನೊಳಗೆ, ಕೈ ಹೊರಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ನಿಮಗೆ ಬಂದರಿನ ಓಡಾಟ ಕಡಿಮೆ ಇರಬಹುದು. ಆದರೆ ಅದೇ ಹೊತ್ತಿಗೆ ಮಳೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ ಪ್ಯಾಂಟಿನ ಅಂಚು ಒದ್ದೆಯಾಗದ ದಿನ ಯಾವುದು?

ಉಪ್ಪು ಮತ್ತು ತೇವ ಸೇರಿದರೆ ಉಕ್ಕಿಗೆ ಒಂದು ರಾತ್ರಿ ಸಾಕು, ಮೇಲೆ ಕೆಂಪು ಚುಕ್ಕಿ ಏಳುತ್ತದೆ. ಬೆವರಿನಲ್ಲೂ ಉಪ್ಪೇ ಇರುವುದು. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಒರೆಸುತ್ತೀರಿ. ಸಿಲಿಂಡರ್ ತಿರುಗುವ ಕಡ್ಡಿಯ ಹತ್ತಿರ, ಹ್ಯಾಮರಿನ ಬುಡದಲ್ಲಿ ಸೇರಿದ್ದು ಕಾಣುವುದಿಲ್ಲ. ಕಾಲ್ಚೀಲದ ನಾರು, ರಸ್ತೆಯ ಧೂಳು, ಮರಳು ಎಲ್ಲ ಅಲ್ಲಿ ಎಣ್ಣೆಯ ಜೊತೆ ಕಲಸಿ ಗಟ್ಟಿಯಾಗುತ್ತವೆ. ಟ್ರಿಗರ್ ಬಿಗಿಯಾಗುತ್ತದೆ. ಹಾಗೆಂದು ಎಣ್ಣೆ ಸುರಿದರೂ ತಪ್ಪು. ಹೆಚ್ಚಿನ ಎಣ್ಣೆ ಗುಂಡಿನ ಹಿಂಬದಿಯ ಪ್ರೈಮರಿನೊಳಗೆ (ಕಿಡಿ ಹುಟ್ಟಿಸುವ ಭಾಗ) ಇಳಿದರೆ ಹೊಡೆದಾಗ ‘ಟಕ್’ ಎಂದು ಸದ್ದು ಬರುತ್ತದೆ, ಅಷ್ಟೇ. ಚರ್ಮದ ಹೋಲ್‌ಸ್ಟರಿನಲ್ಲಿ ವಾರಗಟ್ಟಲೆ ಬಿಟ್ಟರೆ ಗುಂಡಿನ ಹಿತ್ತಾಳೆ ಕೋಶಕ್ಕೆ ಹಸಿರು ಪಾಚಿಯಂಥದ್ದು ಹಿಡಿಯುತ್ತದೆ. ಆಮೇಲೆ ಗುಂಡು ಸಿಲಿಂಡರಿನ ಕೋಣೆಯಿಂದ ಹೊರಬರುವುದಿಲ್ಲ. ಶಸ್ತ್ರಾಗಾರಕ್ಕೆ ಠೇವಣಿಗೆ ಬರುತ್ತಿದ್ದ ಕೋವಿ, ರಿವಾಲ್ವರ್‌ಗಳಲ್ಲಿ ಕರಾವಳಿಯ ಸಾಮಾನ್ಯ ರೋಗ ಇದೇ.

ಎಲ್ಲಿ ಕಟ್ಟಿದರೂ ಈ ನಾಲ್ಕು ಅಭ್ಯಾಸ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಖಾಲಿ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಹೋಲ್‌ಸ್ಟರಿನಿಂದ ಹೊರಗೆ ತೆಗೆದು ಇಡಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸುತ್ತಾ ಇರಿ. ದಿನಾ ಹೊತ್ತು ತಿರುಗುವ ಗುಂಡುಗಳನ್ನು ಕೆಲವು ತಿಂಗಳಿಗೊಮ್ಮೆ ರೇಂಜಿನಲ್ಲಿ ಹಾರಿಸಿ ಮುಗಿಸಿ, ಹೊಸದನ್ನು ತುಂಬಿ.

ಆರೋಗ್ಯದ ಮಾತು ಒಂದು. ನಿಮಗೆ ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಅಥವಾ ಕಾಲಿನಲ್ಲಿ ಉಬ್ಬಿದ ರಕ್ತನಾಳ ಇದ್ದರೆ, ಕಣಕಾಲಿಗೆ ಬಿಗಿಯಾದ ಪಟ್ಟಿ ಕಟ್ಟುವುದನ್ನು ಮರೆತುಬಿಡಿ. ಸಕ್ಕರೆ ಇರುವವರ ಪಾದದಲ್ಲಿ ಸ್ಪರ್ಶ ಕಡಿಮೆ. ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಕೀವು ತುಂಬಿರುತ್ತದೆ.

ಈಗ ಕಾನೂನು. ಅಡಗಿಸಿ ಇಟ್ಟುಕೊಳ್ಳುವುದು ತಪ್ಪು ಎಂಬ ಭಯ ತುಂಬಾ ಜನರಿಗೆ ಉಂಟು. ವಿಷಯ ತಿರುಗಾ ಮುರುಗಾ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿ ಇರಬೇಕು. ತೋರಿಸಿಕೊಂಡು ತಿರುಗುವುದೇ ತಪ್ಪು. ಹಾಗಾಗಿ ಕಣಕಾಲು ಕಾನೂನಿನ ಕಣ್ಣಲ್ಲಿ ಸೊಂಟದಷ್ಟೇ ಸರಿ. ಆದರೆ ನಿಮ್ಮ ಲೈಸೆನ್ಸ್ ಪುಸ್ತಕ ತೆರೆದು ವ್ಯಾಪ್ತಿ ಎಲ್ಲಿಯವರೆಗೆ ಎಂದು ನೋಡಿ. ಉಡುಪಿ ಜಿಲ್ಲೆಗೆ ಮಾತ್ರ ಎಂದಿದ್ದರೆ ಜಿಲ್ಲೆಯ ಗಡಿಯ ಹೆಜಮಾಡಿ ದಾಟುವಂತಿಲ್ಲ. ಧಕ್ಕೆಗೆ ಹೋಗುವ ದಿನ ಮನೆಯಲ್ಲೇ ಇರಬೇಕು. ಉಡುಪಿಯಲ್ಲಿ ಲೈಸೆನ್ಸ್ ಅಧಿಕಾರಿ ಜಿಲ್ಲಾಧಿಕಾರಿ, ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ವ್ಯಾಪ್ತಿ ಹಿಗ್ಗಿಸಬೇಕಾದರೆ ಕಾರಣ ಬರೆದು ಅರ್ಜಿ ಹಾಕಿ. ಲೈಸೆನ್ಸಿನ ವ್ಯಾಪ್ತಿ ಮೀರಿದರೆ ‘ನನ್ನ ಹತ್ತಿರ ಲೈಸೆನ್ಸ್ ಉಂಟು’ ಎಂಬ ಮಾತು ಸ್ಟೇಷನ್ನಿನಲ್ಲಿ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆಗಳೂ ಬಿಗಿಯಾಗಿವೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ ಜೈಲು.

ಕರಾವಳಿಯಲ್ಲಿ ನಿಷೇಧಾಜ್ಞೆ ಹೊಸತಲ್ಲ. ಜನ ಇನ್ನೂ 144 ಎನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಆದೇಶದಲ್ಲಿ ಆಯುಧ ಹಿಡಿದು ತಿರುಗುವಂತಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದದೆ ಹೊರಡಬೇಡಿ. ಚುನಾವಣೆ ಬಂದರೆ ಠೇವಣಿ ಇಡಲು ನೋಟಿಸ್ ಬರಬಹುದು. ನಮ್ಮ ಕಡೆಯ ಕೃಷಿಕರು ತೋಟದ ಕೋವಿಗಾಗಿ ಪ್ರತಿ ಸಲ ಜಗಳ ಆಡುವುದು ನೀವು ನೋಡಿದ್ದೀರಿ. ನಿಮಗೆ ನಿಜವಾದ ಬೆದರಿಕೆ ಇದ್ದರೆ ದೂರಿನ ಪ್ರತಿ ಇಟ್ಟು ವಿನಾಯಿತಿ ಕೇಳಿ. ವಿಮಾನ ನಿಲ್ದಾಣ, ಕೋರ್ಟ್, ಬ್ಯಾಂಕ್ ಇಂಥ ಕಡೆ ಕಾಲಲ್ಲಿ ಕಟ್ಟಿದ್ದು ಮರೆತುಹೋಗಿ ಒಳಗೆ ನಡೆದವರು ಪಡುವ ಪಾಡು ಬೇಡ. ಹಿತವಾಗಿ ಕೂತ ಆಯುಧ ಮರೆತುಹೋಗುವುದೂ ಬೇಗ.

ರಾತ್ರಿ ನಾಕಾಬಂದಿಯಲ್ಲಿ ಏನು ಮಾಡುವುದು ಎಂದು ಯಾರೂ ಹೇಳಿಕೊಡುವುದಿಲ್ಲ. ಕಾರು ನಿಲ್ಲಿಸಿ, ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟಿಯರಿಂಗಿನ ಮೇಲೆ ಇಡಿ. ‘ಸರ್, ನನ್ನ ಹತ್ತಿರ ಲೈಸೆನ್ಸ್ ಇರುವ ರಿವಾಲ್ವರ್ ಉಂಟು, ಎಡಗಾಲಿನಲ್ಲಿ ಉಂಟು’ ಎಂದು ಮೊದಲೇ ಬಾಯಲ್ಲಿ ಹೇಳಿ. ತೋರಿಸಲು ಬಗ್ಗಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಕಾರಿನೊಳಗೆ ಒಬ್ಬ ಮನುಷ್ಯ ಥಟ್ಟನೆ ಕಾಲಿನ ಕಡೆ ಕೈ ಹಾಕಿದರೆ ಹೊರಗಿರುವ ಕಾನ್‌ಸ್ಟೇಬಲ್‌ಗೆ ಅದು ಹೇಗೆ ಕಾಣುತ್ತದೆ, ಯೋಚಿಸಿ.

ಗುಂಡು ಹಾರಿಸುವ ಹಕ್ಕು ಎಲ್ಲಿಯವರೆಗೆ ಎಂಬುದೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ಪ್ರಾಣಕ್ಕೆ ಅಪಾಯ ಇದ್ದಾಗ, ದರೋಡೆ ನಡೆಯುತ್ತಿರುವಾಗ ದೊಡ್ಡ ಹಕ್ಕೇ ಉಂಟು. ಆದರೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಚೀಲ ಕಿತ್ತುಕೊಂಡು ಬೈಕಿನಲ್ಲಿ ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಕೋರ್ಟಿನಲ್ಲಿ ವಿವರಣೆ ಕೊಡಬೇಕಾದವರು ನೀವು. ಕಾಲಿನಿಂದ ತೆಗೆಯಲು ಹೋಗುವ ಆ ನಾಲ್ಕು ಸೆಕೆಂಡಿನಲ್ಲಿ ಹೆಚ್ಚಾಗಿ ಆಗುವುದು ಅದೇ. ಕೈಗೆ ಆಯುಧ ಬರುವಾಗ ಅವನು ತಿರುಗಿ ಓಡುತ್ತಿರುತ್ತಾನೆ. ನಿಮ್ಮ ಕೋಪ ಮಾತ್ರ ಅಲ್ಲೇ ಇರುತ್ತದೆ.

ಹಾಗಾದರೆ ಎಲ್ಲಿ? ಸೊಂಟವೇ ಮೊದಲ ಆಯ್ಕೆ, ಆದರೆ ಸರಿಯಾದ ರೀತಿಯಲ್ಲಿ. ಹೊಟ್ಟೆಗೆ ಒತ್ತುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಸಾಧಾರಣ ಪ್ಯಾಂಟ್ ಬೆಲ್ಟಿಗೆ ಸಿಕ್ಕಿಸಿರುತ್ತಾರೆ. ಅದು ತೂಕಕ್ಕೆ ಜೋತುಬಿದ್ದು ಹೊರಗೆ ವಾಲುತ್ತದೆ. ದಪ್ಪ, ಗಟ್ಟಿ ಬೆಲ್ಟ್ ಹಾಕಿ. ಹೋಲ್‌ಸ್ಟರ್ ಬಲಗಡೆ ಸೊಂಟದ ಎಲುಬಿನ ಸ್ವಲ್ಪ ಹಿಂದೆ, ಪ್ಯಾಂಟಿನ ಹೊರಗೆ ಇರಲಿ. ಮೇಲೆ ಒಂದು ಅಳತೆ ದೊಡ್ಡದಾದ, ಇನ್ ಮಾಡದ, ದಪ್ಪ ಹತ್ತಿಯ ಅಂಗಿ. ಕಡುಬಣ್ಣ, ಚೌಕಳಿ ಆದರೆ ಉಬ್ಬು ಕಾಣುವುದೇ ಇಲ್ಲ. ಬೆವರಿಗೆ ಒಳಗೊಂದು ಬನಿಯನ್. ಅಂಗಿ ಬದಲಿಸಿದರೆ ನಿಮ್ಮ ಅರ್ಧ ದೂರು ಹೋಗುತ್ತದೆ ಎಂದು ನನಗೆ ಅನಿಸುತ್ತದೆ.

ಕಾರಿನಲ್ಲಿ ಜಾಸ್ತಿ ಹೊತ್ತು ಕೂರುವವರಿಗೆ ಇನ್ನೊಂದು ದಾರಿ, ಎಡಗಡೆ ಹೊಟ್ಟೆಯ ಮುಂಭಾಗದಲ್ಲಿ ಹಿಡಿ ಬಲಕ್ಕೆ ಇರುವ ಹಾಗೆ ಕಟ್ಟುವುದು. ಕೂತಲ್ಲೇ ಬಲಗೈಗೆ ಸಿಗುತ್ತದೆ. ತೊಂದರೆ ಏನೆಂದರೆ ಎದುರು ನಿಂತವನ ಕೈಗೂ ಅಷ್ಟೇ ಸುಲಭವಾಗಿ ಸಿಗುತ್ತದೆ. ತೆಗೆಯುವಾಗ ನಳಿಗೆ ಪಕ್ಕದಲ್ಲಿ ಕೂತವರ ಕಡೆಗೆ ಹಾದುಹೋಗುತ್ತದೆ. ಮಗನೋ ಡ್ರೈವರೋ ಪಕ್ಕದಲ್ಲಿದ್ದರೆ ಇದು ಬೇಡ. ಜೇಬಿನಲ್ಲಿ ಇಡುವವರೂ ಇದ್ದಾರೆ. ಸಣ್ಣ ಪಿಸ್ತೂಲಿಗೆ ಜೇಬಿನದ್ದೇ ಹೋಲ್‌ಸ್ಟರ್ ಇದ್ದರೆ ಸರಿ, ನಮ್ಮ ಏಳು ಇಂಚಿನ ರಿವಾಲ್ವರಿಗೆ ಆಗುವುದಿಲ್ಲ. ಭುಜದ ಹೋಲ್‌ಸ್ಟರಿಗೆ ಕೋಟು ಬೇಕು. ಮಲ್ಪೆಯಲ್ಲಿ ಕೋಟು ಹಾಕಿ ಮೀನು ಹರಾಜಿಗೆ ಹೋದರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಕೈಚೀಲ ಬೇಡವೇ ಬೇಡ. ಕಳ್ಳ ಮೊದಲು ಎಳೆಯುವುದೇ ಚೀಲವನ್ನು.

ಇಷ್ಟೆಲ್ಲ ಕೇಳಿಯೂ ಕಣಕಾಲೇ ಇರಲಿ ಎಂದು ನಿಮಗೆ ಅನಿಸಿದರೆ, ಬಂದರಿಗೆ ಹೋಗದ ದಿನ, ಆಟೊಮ್ಯಾಟಿಕ್ ಕಾರಿನಲ್ಲಿ, ಕಚೇರಿ ಕೆಲಸಕ್ಕೆ ಮಾತ್ರ ಇರಲಿ. ಹೋಲ್‌ಸ್ಟರ್ ನಿಮ್ಮ ರಿವಾಲ್ವರಿನ ಅಳತೆಗೇ ಹೊಲಿಸಿದ್ದಾಗಿರಬೇಕು. ಒಳಗೆ ಮೆತ್ತನೆಯ ಪದರ, ಮೀನಖಂಡದ ಕೆಳಗೆ ಎರಡನೆಯ ಪಟ್ಟಿ, ಹಿಡಿಯ ಮೇಲೆ ಗುಂಡಿ ಹಾಕುವ ಪಟ್ಟಿ, ಮೂರೂ ಬೇಕು. ಉದ್ದದ ಕಾಲ್ಚೀಲ ಹಾಕಿ ಅದರ ಮೇಲೆ ಕಟ್ಟಿ. ಪ್ಯಾಂಟಿನ ಅಂಚು ಅಗಲವಾಗಿ, ಅರ್ಧ ಇಂಚು ಉದ್ದವಾಗಿ ಹೊಲಿಸಿ. ಮೊದಲ ಕೆಲವು ದಿನ ಖಾಲಿ ರಿವಾಲ್ವರ್ ಕಟ್ಟಿ ಮನೆಯೊಳಗೇ ಓಡಾಡಿ. ಮೆಟ್ಟಿಲು ಹತ್ತಿ, ಅಂಗಳದಲ್ಲಿ ಓಡಿ. ಓಡುವಾಗ ಬಿದ್ದರೆ ಉತ್ತರ ಸಿಕ್ಕಿತು. ನಿಮ್ಮದು ಹಳೆಯ ಕಾಲದ ರಿವಾಲ್ವರ್ ಆಗಿದ್ದರೆ, ಎಲ್ಲಿ ಕಟ್ಟಿದರೂ ಹ್ಯಾಮರಿನ ಅಡಿಗೆ ಬರುವ ಸಿಲಿಂಡರಿನ ಕೋಣೆ ಖಾಲಿ ಬಿಡಿ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟು ತಗಲಿದರೆ ಗುಂಡು ಹಾರಬಹುದು.

ಆಯುಧದ ಮಾತು ಬದಿಗಿಟ್ಟು ಒಂದು ವಿಷಯ ಹೇಳಲೇಬೇಕು. ನೀವು ಬೆಳಗಿನ ಜಾವ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ಕಾರಿನಲ್ಲಿ, ನಗದು ಇಟ್ಟುಕೊಂಡು ಹೋಗುತ್ತೀರಿ. ಬೆದರಿಕೆ ಹಾಕಿದವನಿಗೆ ಇದೆಲ್ಲ ಗೊತ್ತು. ನಗದಿನ ಪಾವತಿಯಲ್ಲಿ ಆದಷ್ಟನ್ನು ಬ್ಯಾಂಕಿಗೆ, ಮೊಬೈಲಿಗೆ ತಿರುಗಿಸಿ. ಉಳಿದದ್ದನ್ನು ಸಾಗಿಸುವ ಹೊತ್ತು ಬದಲಿಸಿ, ಜೊತೆಗೆ ಇನ್ನೊಬ್ಬರು ಇರಲಿ. ಕಾರು ಹತ್ತುವ ಮುಂಚೆ ಒಂದು ಸುತ್ತು ನೋಡಿ, ಹತ್ತಿದ ಕೂಡಲೇ ಬಾಗಿಲು ಲಾಕ್ ಮಾಡಿ. ಬೆದರಿಕೆ ಕರೆ ಮತ್ತೆ ಬಂದರೆ ರೆಕಾರ್ಡ್ ಮಾಡಿ ಅದೇ ದೂರಿಗೆ ಸೇರಿಸಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿಕೊಳ್ಳಿ. ಅಲ್ಲಿ ಹೆಚ್ಚಾಗಿ ರೈಫಲ್ ಇರುತ್ತದೆ, ಆದರೆ ಆಯುಧ ಹಿಡಿಯುವ ಶಿಸ್ತು ಬರುತ್ತದೆ.

ಕೊನೆಯ ಪ್ರಶ್ನೆ, ಡ್ಯಾಶ್‌ಬೋರ್ಡ್. ಖಂಡಿತ ಬೇಡ. ನೀವು ಕಾರಿನಿಂದ ಇಳಿದ ಕ್ಷಣ ಅದು ನಿಮ್ಮ ಹತೋಟಿಯಲ್ಲಿ ಇಲ್ಲ, ನಿಯಮ ಮುರಿದ ಹಾಗೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಶಾಖ ಗುಂಡಿಗೂ ಒಳ್ಳೆಯದಲ್ಲ. ವರ್ಕ್‌ಶಾಪಿಗೆ ಬಿಟ್ಟಾಗ, ಪಾರ್ಕಿಂಗ್ ಹುಡುಗನಿಗೆ ಕೀ ಕೊಟ್ಟಾಗ ಅದು ಅಲ್ಲಿದೆ ಎಂಬ ನೆನಪು ಇರುವುದಿಲ್ಲ. ಕಾರಿನ ಗಾಜು ಒಡೆದು ಅದನ್ನು ಕದ್ದರೆ ನೀವು ಕೂಡಲೇ ಸ್ಟೇಷನ್ನಿಗೆ ಓಡಬೇಕು, ಲೈಸೆನ್ಸ್ ಉಳಿಯುವುದೂ ಅನುಮಾನ. ಮೈಮೇಲೆ ಇಟ್ಟುಕೊಳ್ಳಲು ಆಗದ ದಿನ ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಹೊರಡಿ. ಆ ದಿನ ನಗದೂ ಮನೆಯಲ್ಲೇ ಇರಲಿ.